ಬೆಣೆಯ ಲೆಕ್ಕ

ತ್ಬಿಲಿಸಿಯಿಂದ ಬಂದವರು ಮೂರು ಜನ.
ಒಬ್ಬನ ಬೂಟಿಗೆ ಇನ್ನೂ ಅಂಗಡಿಯ ಹೊಳಪು.
ಉಗ್ರಾಣದ ಬಾಗಿಲಲ್ಲೇ ನಿಂತು ಕೇಳಿದರು:
ಆ ದಿನ ಇಲ್ಲಿಂದ ಏನೇನು ಹೊರಗೆ ಹೋಯಿತು?

ನಾನು ತ್ಸಿಯಾಲಾ. ಒಂಬತ್ತು ವರ್ಷದಿಂದ
ಈ ಸುರಂಗದ ಸಾಮಾನೆಲ್ಲ ನನ್ನ ಕೈ ದಾಟಿಯೇ ಹೋಗುವುದು.
ಸರಪಳಿ, ಕೊಂಡಿ, ಜಾಕು, ಬೋಲ್ಟು, ಕೈಗವಸು.
ಕೈಗವಸಿನಲ್ಲಿ ಎಡಗೈಯದೇ ಮಿಕ್ಕುತ್ತದೆ, ಯಾಕೋ.
ಕನ್ನಡಕ ಒರೆಸಿ, ಪುಸ್ತಕ ತೆಗೆದು, ಓದಿದೆ.

ಟ್ರಾಲಿ, ಒಂದು.
ಹಳಿ, ಹನ್ನೆರಡೂವರೆ ಮೀಟರಿನವು, ಆರು.
ಮೀಟರಿಗೆ ಅರವತ್ತು ಕಿಲೋ, ನೀವೇ ಗುಣಿಸಿಕೊಳ್ಳಿ:
ನಾಲ್ಕೂವರೆ ಟನ್ನು
ಬಾಯಿ ಮುಚ್ಚಿಕೊಂಡು ಮಲಗಿತ್ತು.

ಬ್ರೇಕಿನ ಪಟ್ಟಿ:
ಹೊಸದು ಬೇಕೆಂದು ಬರೆದು ಹಾಕಿ ನಾಲ್ಕು ತಿಂಗಳು.
ಹಳೆಯದು ಎಷ್ಟು ಸವೆದಿತ್ತೆಂದರೆ
ನಮ್ಮಜ್ಜಿಯ ಮದುವೆ ಉಂಗುರವೇ ಅದಕ್ಕಿಂತ ದಪ್ಪ.
ಪಟ್ಟಿಯನ್ನು ಬರೆದುಕೊಂಡರು. ಉಂಗುರವನ್ನು ಬಿಟ್ಟರು.

ಗ್ರೀಸು, ಅರ್ಧ ಡಬ್ಬಿ, ನುಗ್ಝಾರ್ ಸಹಿ ಹಾಕಿದ್ದ.
ಗಾಲಿ ಕಿರುಗುಟ್ಟುತ್ತದೆ, ಹಲ್ಲು ಜುಮ್ಮೆನ್ನುತ್ತದೆ ಅಂತ
ನಾಲ್ಕಕ್ಕೂ ಧಾರಾಳವಾಗಿ ಬಳಿದ. ಕೂಗು ನಿಂತಿತು.
ಎಲ್ಲರೂ ಅವನ ಬೆನ್ನು ತಟ್ಟಿದೆವು.
ಸದ್ದಿಲ್ಲದ ಗಾಲಿ
ಬೆನ್ನ ಹಿಂದೆ ಹೇಗೆ ಬರುತ್ತದೆಂದು
ಆಗ ಯಾರು ಯೋಚಿಸಿದ್ದರು.

ಇಳಿಜಾರು ಸಾವಿರಕ್ಕೆ ಹದಿನೆಂಟು.
ಕಣ್ಣಿಗೆ ಕಾಣುವುದಿಲ್ಲ ಅದು. ನೀರಿಗೆ ಗೊತ್ತು, ಗಾಲಿಗೆ ಗೊತ್ತು.

ಆಮೇಲೆ ಬೆಣೆ.
ಇಪ್ಪತ್ತನಾಲ್ಕು, ಎಂದು ಓದಿದೆ. ಗಂಟಲು ಅಲ್ಲೇ ಕಚ್ಚಿಕೊಂಡಿತು.

ಬೀಚ್ ಮರದ ಬೆಣೆಗಳು. ಕೈಯಲ್ಲಿ ಹಿಡಿದರೆ
ರೊಟ್ಟಿಯ ಕೊನೆಯ ತುಂಡಿನಷ್ಟೇ.
ತನಗಿಂತ ದೊಡ್ಡದರ ಅಡಿಗೆ ಹೋಗಿ
ಬೇಡ ಅನ್ನುವುದು, ಅಷ್ಟೇ ಅದರ ಕೆಲಸ.

ಜನವರಿಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು.
ಜನರೇಟರು ಸುರಂಗದ ಫ್ಯಾನಿಗೇ ಸಾಲದು.
ಶೆಡ್ಡಿನ ಒಲೆಗೆ ಸೌದೆ ಕಳಿಸುತ್ತೇವೆ ಎಂದವರು ಕಳಿಸಲಿಲ್ಲ.
ಒಂದು ತಾನೇ, ಎಂದ ಮೆರಾಬ್,
ಬೆಣೆಯೊಂದನ್ನು ಬೂಟಿನ ಹಿಮ್ಮಡಿಯಿಂದ ಒಲೆಯೊಳಗೆ ನೂಕುತ್ತಾ.
ಒಣ ಬೀಚ್ ಚೆನ್ನಾಗಿ ಉರಿಯುತ್ತದೆ, ಹೊಗೆ ಕಮ್ಮಿ.
ನಾವು ಕಾಲುಚೀಲ ಒಣಗಿಸಿದೆವು, ಚಹಾ ಕಾಸಿದೆವು,
ಹೆಂಡತಿಯ ಗೊರಕೆಯನ್ನು ಅವನು ಅಣಕಿಸಿ ತೋರಿಸಿದ,
ನಾನೂ ನಕ್ಕೆ. ಕೆಟಲು ಇಟ್ಟವಳು ನಾನೇ.
ಮರುದಿನ ಇನ್ನೊಂದು. ಅದರ ಮರುದಿನ ಎರಡು.
ಪುಸ್ತಕದಲ್ಲಿ ಮಾತ್ರ
ಒಂದೂ ಸುಡಲಿಲ್ಲ.

ಆ ಮಧ್ಯಾಹ್ನ ಗಾಲಿಯಡಿಗೆ ಒಂದು ಜಲ್ಲಿಕಲ್ಲು ಸಿಗಿಸಿದ್ದರು.
ಜಲ್ಲಿ ದುಂಡಗಿರಲಿಲ್ಲ, ಪಾಪ, ಸಾಕಷ್ಟು ಹೊತ್ತು ತಡೆಯಿತು.
ಮೆರಾಬ್ ಬೋಲ್ಟು ಬಿಗಿಯುತ್ತಾ ಬಾಗಿದ್ದ, ಕಿವಿಯ ತುಂಬ ಯಂತ್ರದ ಗದ್ದಲ.
ಬಾಕಿ ನಾನು ಹೇಳುವುದಿಲ್ಲ. ಅವರೂ ಕೇಳಲಿಲ್ಲ,
ಹೊಳೆವ ಬೂಟಿನವನು ಆಗಲೇ ಬರೆಯುತ್ತಿದ್ದ:
ಕೆಲಸಗಾರ ಹಳಿಗೆ ಬೆನ್ನು ಹಾಕಿದ್ದನು.

ಪೆನ್ನು ಕೇಳಿ ತೆಗೆದುಕೊಂಡೆ.
ಇಪ್ಪತ್ತನಾಲ್ಕನ್ನು ಹೊಡೆದು ಹಾಕಿ ಹದಿನೇಳು ಎಂದು ಬರೆದೆ,
ಪಕ್ಕದಲ್ಲಿ ನನ್ನ ಹೆಸರು, ತಾರೀಕು.
ಉಳಿದ ಏಳು ಎಲ್ಲಿ, ಎಂದರು.
ಒಲೆಯ ಬಾಗಿಲು ತೆಗೆದು ತೋರಿಸಿದೆ.
ಅವರಲ್ಲೊಬ್ಬ ಬಗ್ಗಿ ನೋಡಿದ,
ಏನೋ ಸಿಗಬಹುದು ಎಂಬಂತೆ.

ಈ ವರ್ಷ ಹೊಸ ಬೆಣೆ ಬಂದಿದೆ, ಕಬ್ಬಿಣದ್ದು,
ಕೆಂಪು ಬಣ್ಣ, ಮೈಮೇಲೆ ನಂಬರು. ಸುಡುವುದಿಲ್ಲ.
ಬೆಳಿಗ್ಗೆ ಹುಡುಗರು ಕೈ ಉಜ್ಜಿಕೊಳ್ಳುತ್ತಾ ಸಾಲು ನಿಲ್ಲುತ್ತಾರೆ,
ಮೆರಾಬನ ತಮ್ಮನೂ ಇದ್ದಾನೆ, ಮೂರನೆಯವನು.
ಬರಿಗೈಗೆ ಕಬ್ಬಿಣ ಅಂಟಿಕೊಳ್ಳುತ್ತದೆ, ಅಷ್ಟು ಚಳಿ.
ಸೌದೆ ಕಳಿಸಿ ಎಂದು ತ್ಬಿಲಿಸಿಗೆ ಬರೆದಿದ್ದೇನೆ.
ಇದು ನಾಲ್ಕನೇ ಸಲ.