ಬಾಬ್ತು: ಇತರೆ

ಹನ್ನೊಂದರ ಸಭೆ ಶುರುವಾದದ್ದು ಹನ್ನೊಂದೂ ನಲವತ್ತೈದಕ್ಕೆ.
ಅಧ್ಯಕ್ಷರ ಕಾರು ಹೆಬ್ಬಾಳದ ಮೇಲ್ಸೇತುವೆ ಇಳಿಯುವಷ್ಟರಲ್ಲಿ
ಉಪಗ್ರಹ ಭೂಮಿಗೆ ಅರ್ಧ ಸುತ್ತು ಹಾಕಿರುತ್ತದೆ, ಅಂದರು ಯಾರೋ.
ಯಾರೂ ನಗಲಿಲ್ಲ. ನಾನು ಬರೆದುಕೊಳ್ಳಲಿಲ್ಲ.

ನಾನು ಶೀಘ್ರಲಿಪಿಯವಳು. ಈ ಕಟ್ಟಡದಲ್ಲಿ
ನನ್ನಂಥವರು ಉಳಿದಿರುವುದು ಇಬ್ಬರೇ,
ಇನ್ನೊಬ್ಬಾಕೆಗೆ ಬರುವ ಮಾರ್ಚಿಗೆ ನಿವೃತ್ತಿ.
ಮೇಜಿನ ನಡುವೆ ಯಂತ್ರವೊಂದು ಕೆಂಪು ಕಣ್ಣು ಬಿಟ್ಟು
ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ,
ಆದರೂ ಅಧ್ಯಕ್ಷರಿಗೆ ಪೆನ್ಸಿಲಿನ ಮೇಲೇ ನಂಬಿಕೆ.
ಅವರ ಮಾತು ಇಂಗ್ಲಿಷಿನದು. ನನ್ನ ಗೀಟು
ಚಾಮರಾಜಪೇಟೆಯಲ್ಲಿ ಕಲಿತ ಕನ್ನಡದ್ದು.
ಅವಸರಕ್ಕೆ ಸ್ವರ ಬಿಡುತ್ತೇನೆ. ಆಗ
ಮಳೆ, ಮೊಳೆ, ಮೊಳ
ಮೂರಕ್ಕೂ ಒಂದೇ ಕೊಂಕು.

ಯತಿರಾಜ್ ಮೊದಲು ಎದ್ದರು: ಮನುಷ್ಯರು ಹೋಗಬೇಕು.
ಹೋದರೆ ಸಾಲದು, ಅಲ್ಲಿ ಇರಬೇಕು, ಉಣ್ಣಬೇಕು, ನೆಗಡಿಯಾಗಬೇಕು.
ಗೋಡೆಯ ಮೇಲೆ ಅವರ ನಿಲ್ದಾಣ ಹೂಕೋಸಿನ ಹಾಗೆ ಅರಳಿತು.
ಹದಿನೇಳು ಸ್ಲೈಡು. ದುಡ್ಡು ಕೊನೆಯದರಲ್ಲಿ,
ಅದೂ ಮೂಲೆಯಲ್ಲಿ.

ಝರೀನಾ ತಹಸೀಲ್ದಾರ್ ಕುಳಿತೇ ಮಾತಾಡಿದರು.
"ಮೇಲಿರುವ ನಮ್ಮ ಕಣ್ಣಿಗೆ ಪೊರೆ ಬಂದಿದೆ.
ಕೊಲ್ಲಿಯಲ್ಲಿ ಮೋಡ ತಿರುಗಿದ್ದು
ನಮಗೆ ಅರ್ಧ ಗಂಟೆ ತಡವಾಗಿ ತಿಳಿಯುತ್ತದೆ.
ಅಷ್ಟರಲ್ಲಿ ದೋಣಿ ಎಷ್ಟು ದೂರ ಹೋಗಿರುತ್ತದೆ?
ನೀವೇ ಹೇಳಿ ಯತಿರಾಜ್, ಲೆಕ್ಕದಲ್ಲಿ ಗಟ್ಟಿ ನೀವು."

ಹಣಕಾಸಿನ ಸಂಪಂಗಿರಾಮಯ್ಯ ಕನ್ನಡಕ ಹಣೆಗೇರಿಸಿ
ಕನ್ನಡಕ್ಕೆ ಇಳಿದರು:
"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಸ್ವಾಮಿ."
"ಹಾಸಿಗೆಯ ಮಾತು ಮಲಗಿದವರಿಗಲ್ಲವೆ ಸಾರ್?"
"ಎದ್ದು ಹೋದವನೂ ರಾತ್ರಿಗೆ
ಬಂದು ಮಲಗಲೇಬೇಕಲ್ಲಪ್ಪ."

ಕರೆಂಟು ಹೋಯಿತು. ಯುಪಿಎಸ್ ಕೀಚ್ ಕೀಚ್ ಅಂದಿತು.
ಗೋಡೆಯ ನಿಲ್ದಾಣ ಇದ್ದಕ್ಕಿದ್ದಂತೆ ಸುಣ್ಣದ ಗೋಡೆಯಾಯಿತು.
ಆ ಅರೆಗತ್ತಲಲ್ಲಿ ಕುಶಾಲಪ್ಪನವರು ಕೈ ಎತ್ತಿದ್ದು
ನನಗೊಬ್ಬಳಿಗೇ ಕಂಡಿತೇನೊ.
ಒಂದು ಸಣ್ಣ ದೂರದರ್ಶಕ. ಮೂರು ಕೋಟಿ ನಲವತ್ತು ಲಕ್ಷ.
ಸತ್ತ ನಕ್ಷತ್ರವೊಂದು ಬಿಟ್ಟೂ ಬಿಟ್ಟೂ ಮಿಡಿಯುತ್ತದೆ,
ಯಾಕೆ ಬಿಡುತ್ತದೆ ಎಂದು ನೋಡಬೇಕಂತೆ.
"ಜನಕ್ಕೇನು ಉಪಯೋಗ?" ಕೇಳಿದವರ ದನಿ ಒರಟಲ್ಲ,
ನಿಜವಾಗಿ ತಿಳಿಯಬೇಕಿತ್ತು ಅವರಿಗೆ.
ಕುಶಾಲಪ್ಪನವರು ಬಾಯಿ ತೆರೆದರು,
ಮುಚ್ಚಿದರು, ತೊಡೆಯ ಮೇಲಿನ ಬಿಸ್ಕತ್ತಿನ ಪುಡಿ ಕೊಡವಿದರು.
ಕರೆಂಟು ಬಂತು.
"ಇತರೆಗೆ ಹಾಕಿ," ಅಂದರು ಅಧ್ಯಕ್ಷರು.

ಸಂಜೆ ಬಸ್ಸಿನಲ್ಲಿ ಪಕ್ಕದ ಬೀದಿಯ ಮುದ್ದುರಂಗ ಸಿಕ್ಕ.
ಪೀಣ್ಯದಲ್ಲಿ ಅವನದು ಎರಡು ಲೇತಿನ ಶೆಡ್ಡು,
ಬೆರಳ ಸಂದಿಯಲ್ಲಿ ಯಾವಾಗಲೂ ಲೋಹದ ಮಿಂಚು.
"ಏನಾಯ್ತಕ್ಕ, ಮನುಷ್ಯರಾ ಮೋಡಾನಾ?
ನನಗೆರಡೂ ಒಂದೇ ಬಿಡಿ, ತಿರುಪುಮೊಳೆ ಎರಡಕ್ಕೂ ಬೇಕು.
ಹೋದ ವರ್ಷದ ಎರಡನೇ ಕಂತು ಇನ್ನೂ ಬಂದಿಲ್ಲ,
ಬ್ಯಾಂಕಿನವನಿಗೆ ಆಕಾಶ ತೋರಿಸಲಾ?"
ಗುಟ್ಟು ಕಾಯುವ ಕಾಗದಕ್ಕೆ ರುಜು ಹಾಕಿದವಳು ನಾನು.
ಬಿಸ್ಕತ್ತು ಮೆತ್ತಗಾಗಿತ್ತು, ಅಂದೆ.
ಯಶವಂತಪುರ ದಾಟುತ್ತಲೇ ಹನಿ ಬಿತ್ತು.
ಕಿಟಕಿ ಎಳೆದರೆ ಬರಲಿಲ್ಲ. ಯಾರ ಬಳಿಯೂ ಕೊಡೆಯಿಲ್ಲ.

ರಾತ್ರಿ ನಡಾವಳಿ ಬಿಡಿಸಲು ಕುಳಿತೆ. ಒಂಬತ್ತನೇ ಪುಟ:
"ಹೆಚ್ಚುವರಿ ಇಪ್ಪತ್ತು ಕೋಟಿಗೆ ಒಪ್ಪಿಗೆ," ಅದರ ಹಿಂದೆ ಒಂದು ಕೊಂಕು.
ಮಳೆಗೋ ಮೊಳೆಗೋ, ಅಳತೆಯ ಮೊಳಕ್ಕೋ,
ಯಾರ ಗಂಟಲಿನಿಂದ ಬಂದಿತ್ತೋ.
ನಾಳೆ ಯಂತ್ರವನ್ನು ಕೇಳಬೇಕು, ಸ್ವರ ಅದಕ್ಕೆ ನೆನಪಿರುತ್ತದೆ.

ಇತರೆಯ ಸಾಲೊಂದೇ ತೊಡಕಿಲ್ಲದೆ ಓದಿಸಿಕೊಂಡಿತು.
ಅದರ ಕೆಳಗೊಂದು ಗೀಟು ಇದೆ, ಯಾವ ಅಕ್ಷರದ್ದೂ ಅಲ್ಲ.
ಕುಶಾಲಪ್ಪನವರು ಸುಮ್ಮನಿದ್ದಷ್ಟು ಹೊತ್ತು
ನನ್ನ ಪೆನ್ಸಿಲು ತಾನಾಗಿ ಎಳೆದದ್ದು.
ಹಾಳೆಯ ಅಂಚಿನ ತನಕ ಹೋಗಿದೆ.