ಪಂಚನಾಮೆ, ಕೋಣೆ ನಂಬರ್ ನಾಲ್ಕು

ಹೊಳೆಆಲೂರ ಆಚೀಕ, ದಿನ್ನಿ ಮ್ಯಾಲಿನ ಸಾಲಿ.
ಕೋಣೆ ನಂಬರ್ ನಾಲ್ಕು. ನಾನು ತಲಾಟಿ,
ತೊಡಿ ಮ್ಯಾಲೆ ನಮೂನಿ ಕಾಗದ, ತೊಯ್ದ ಸಿಕ್ಕಾ.
ಏನೇನು ಹೋತು ಹೇಳ್ರಿ, ಬರಕೋತೀನಿ:
ಗ್ವಾಡಿ ಎಷ್ಟು, ಹಗೇವು ಎಷ್ಟು, ಎಮ್ಮಿ ಎಷ್ಟು.

ಹೊರಗ ಮಲಪ್ರಭೆ
ಬದುವು ಕೇಳದ, ಸರ್ವೆ ನಂಬರ್ ಕೇಳದ
ಎಲ್ಲಾರ ಉತಾರಿನ ಮ್ಯಾಲೂ
ತನ್ನೊಂದ ಹೆಸರು ಬರದು ಕುಂತಾಳ.

ಕಥಿ ಸುರು ಮಾಡಿದವರು ಇನಾಮದಾರ ಮಾಸ್ತರು,
ಹುಡುಗ್ರು ಅಳೂದು ನಿಲ್ಲಲಿ ಅಂತ.
ಎರಡು ನದಿ ನಡುವಿನ ಒಂದು ನಾಡಿನಾಗ
ದೇವರೆಲ್ಲಾ ಸಭಾ ಕೂಡಿ
ನೀರು ಬಿಡೂದಂತ ಠರಾವು ಮಾಡಿದರಂತ.
ಮನಶ್ಯಾರಿಗೆ ಹೇಳಬಾರದು, ಆಣಿ.
ಒಬ್ಬ ದೇವರಿಗೆ ತಡೀಲಿಲ್ಲ.
ಆಣಿ ಮುರೀದಂಗ, ಆಪಿನ ಗ್ವಾಡಿಗೆ ಬಾಯಿ ಹಚ್ಚಿ ಅಂದ:
ಗ್ವಾಡೀ, ಕೇಳು. ಮನಿ ಕೆಡವು. ದೋಣಿ ಕಟ್ಟು.
ಆಚೀ ಕಡೆ ಮಲಗಿದವಗ ಕೇಳಿಸಿತು.

"ನಮಗ ಯಾವ ಗ್ವಾಡೀನೂ ಹೇಳಲಿಲ್ಲರಿ,"
ಅಂದ ಹುಚ್ಚೀರಪ್ಪ ಅಂಬಿಗೇರ.
"ನವಿಲುತೀರ್ಥದಾಗ ಗೇಟ್ ತಗದಾರಂತ
ರಾತ್ರಿ ಎರಡಕ್ಕ ಪಂಚಾಯ್ತಿ ಸಿಪಾಯಿ ಮೊಬೈಲಿಗೆ ಬಂದಿತ್ತು.
ಮೊಬೈಲ್ ಚಾರ್ಜಿಗಿತ್ತು. ಕರೆಂಟ್ ಇರಲಿಲ್ಲ."

ಬೆಟಗೇರಿ ದವಾಖಾನಿ ಸುಗುಣಾ ಸಿಸ್ಟರ್
ಪಾರಿವಾಳ ಬಿಟ್ಟಳು, ಚುಂಚಿನಾಗ ಒಂದು ಎಲಿ.
ಮೂಲಿಯಿಂದ ಯಾರೋ ಮೀನು ತಗದರು:
ಬೊಗಸಿಯಾಗ ಸಿಕ್ಕಿದ್ದು, ಕೊಡದಾಗ ಹಿಡೀಲಿಲ್ಲ,
ಕೆರಿಯಾಗ ಹಿಡೀಲಿಲ್ಲ.
"ನಮ್ಮ ಹೊಳಿನೂ ಹಂಗ," ಅಂದಿತು ಒಂದು ಹುಡುಗಿ.

ಚೀನಾದ ಕಡೆ ಅಣ್ಣ ತಂಗಿ
ಸೋರೆಬುರುಡಿಯಾಗ ಕುಂತು ಪಾರಾದರು ಅಂದಾಗ
ಹುಚ್ಚೀರಪ್ಪ ಮೊದಲ ಸಲ ನಕ್ಕ.
"ಅದು ಖರೆ ಕಥಿ.
ಬುರುಡಿ ಕಟಗೊಂಡ ನಮ್ಮಪ್ಪ ಹೊಳಿ ದಾಟಸ್ತಿದ್ದ.
ನನ್ನವು ಹನ್ನೊಂದು ಹೋದವು. ಬರಕೋರಿ."
ನಮೂನಿಯಾಗ ಬುರುಡಿಗೆ ಕಾಲಂ ಇಲ್ಲ.
ಇತರೆ, ಅಂತ ಬರದೆ. ಹನ್ನೊಂದು.

ದಾವಲಬಿ ಪಾಳಿ ಬಂತು.
ಹಡಗದ ತನಕ ಚಲೋ ಹೇಳಿದಳು.
ಹಲಗಿ, ಮೊಳಿ, ಜೋಡಿ ಜೋಡಿ ಪ್ರಾಣಿ,
ರೊಟ್ಟಿ ಒಲಿಯೊಳಗಿಂದ ಉಕ್ಕಿದ ನೀರು.
ಆಮ್ಯಾಲೆ ಮಗ.
"ಬಾರೋ, ಹತ್ತೋ ಅಂದ ಅಪ್ಪ.
ಗುಡ್ಡ ಹತ್ತತೀನಿ, ಗುಡ್ಡ ನನ್ನ ಉಳಸ್ತೈತಿ ಅಂದ ಅಂವ."
ಅಷ್ಟಕ್ಕ ನಿಂತಳು.

ಅಕಿ ಮಗ ಖಾಜೇಸಾಬ
ಪಂಪ್‌ಸೆಟ್ ಮೋಟರ್ ಬಿಚಗೊಂಡ ಬರತೀನಂತ
ನಿನ್ನೆ ಹೊಳ್ಳಿ ಹೋಗಿದ್ದ.

ಮುಂದ? ಮುಂದ? ಅಂದವು ಹುಡುಗ್ರು.
"ಮುಂದ ಅವರವ್ವ ಕುಂತಿದ್ದಳು.
ಅಕಿ ಸುದ್ದಿ ಕಥಿಯಾಗ ಬರೂದಿಲ್ಲ."

ಕಾಣೆಯಾದವರು ಅನ್ನೂದಕ್ಕ ಕಾಲಂ ಐತಿ.
ಪೆನ್ನು ಜೇಬಿನಾಗ ಇಟ್ಟೆ.
ಮಾಸ್ತರ ಕಡಿಂದ ಪೆನ್ಸಿಲ್ ಇಸಗೊಂಡೆ.
ದೋಣಿ ಹತ್ತಿದವರ ಪಟ್ಟಿ ಎಲ್ಲಾ ದೇಶದಾಗೂ ಅದಾವು.
ಹತ್ತದವರದು ತಲಾಟಿ ಬರೀಬೇಕು,
ಮೂರು ಪ್ರತಿ.

ಮೂರನೇ ದಿನ ಮಳಿ ನಿಂತಿತು. ಗಂಜಿ ಕುದೀತು.
ಮಾಸ್ತರು ಅರ್ಧಕ್ಕ ಬಿಟ್ಟಿದ್ದು ಮುಗಿಸಿದರು:
ನೀರು ಇಳದ ಮ್ಯಾಲೆ ದೋಣಿಯವ
ಗುಡ್ಡದ ತುದಿಗೆ ಎಡಿ ಹಿಡದ.
ಮನಶ್ಯಾರಿಲ್ಲದ ಅಷ್ಟು ದಿನ ಎಡಿ ಎಲ್ಲಿಂದ ಬರಬೇಕು?
ಹಸದ ದೇವರು ವಾಸನಿ ಹಿಡದು
ನೊಣದಂಗ ಬಂದು ಮುತ್ತಿದರಂತ.

ಗಂಜಿ ಡಬರಿ ಮ್ಯಾಲೆ ನೊಣ.
ನಮೂನಿ ಕಾಗದ ಮಡಚಿ ಬೀಸಾಕ ಕೈ ಎತ್ತಿದೆ.
ಬಾಗಲ ಕಡೆ ಮಾರಿ ಮಾಡಿ ಕುಂತ ದಾವಲಬಿ
ತಿರುಗಿ ನೋಡಲಿಲ್ಲ.
"ಬರ್ಲಿ ಬಿಡ್ರಿ," ಅಂದಳು.
"ಅವರನ್ನ ಕೇಳೂದೈತಿ."