ಕೊನೆಯ ಹಾಳೆ

ಪರದೆ ಏಳುವ ಮೊದಲೇ ಹೊಗೆ ಬಂತು.
ಮುಂದಿನ ಸಾಲಿನವರು ಕೆಮ್ಮಿದರು.
ಗಣಿಧೂಳು ಕುಡಿದು ಜೀರ್ಣಿಸಿಕೊಂಡ ಎದೆಗಳು
ಇಂಥ ಸುಳ್ಳು ಮಂಜಿಗೆ ಕೆಮ್ಮಿದವಲ್ಲ ಎಂದು ನಗು ಬಂತು ನನಗೆ.
ಕಾಲುಪೆಟ್ಟಿಗೆಯಿಲ್ಲ, ತಬಲವಿಲ್ಲ.
ಎಲ್ಲೋ ಒಂದು ಗುಂಡಿ ಒತ್ತಿದರು,
ನಲವತ್ತು ಪಿಟೀಲು ಒಮ್ಮೆಲೇ ಗೋಡೆಯಿಂದ ಇಳಿದವು.

ಕೌಲ್‌ಬಜಾರಿನಿಂದ ಜೀನ್ಸ್ ಹೊಲಿಯುವವರು
ಬೆರಳ ನೀಲಿ ತೊಳೆಯದೆಯೇ ಬಂದಿದ್ದರು.
ಎರ್ರಿಸ್ವಾಮಿ ಮೇಷ್ಟ್ರು, ಕಾದಂಬರಿಯ ಮೂರನೇ ಅಧ್ಯಾಯ
ಬಾಯಿಪಾಠ, ಬೇಡವೆಂದರೂ ಒಪ್ಪಿಸುವವರು.
ಸುಂಕಮ್ಮನ ಕತೆ ಹೇಳಿ ಹೇಳಿ
ಮಗಳಿಗೆ ಅನ್ನ ಉಣಿಸಿದ ಮಾಬುನ್ನಿ;
ಆ ಮಗಳು, ಆಕೆಯ ಹೆಗಲ ಮೇಲೊಂದು ಕೂಸು.
ಈ ಊರಲ್ಲಿ ಆ ಪುಸ್ತಕ ಓದದವರೂ ಓದಿದವರೇ.

ಮುನ್ನೂರು ಪುಟ ಮಾತಾಡದ ಸುಂಕಮ್ಮ
ಎರಡನೇ ನಿಮಿಷಕ್ಕೇ ಹಾಡಿದಳು.
ಕೆನ್ನೆಗಂಟಿಸಿದ ಮೈಕು, ಮಡಿಕೆ ಬಿಡದ ಹೊಸ ಸೀರೆ.
ಗಂಟಲು ಒಳ್ಳೆಯದೇ, ಸುಳ್ಳು ಹೇಳಬಾರದು.
ಆದರೆ ಗಂಡನ ತಾಟಿನ ಪಕ್ಕ ಉಪ್ಪಿನ ಬಟ್ಟಲಿಟ್ಟು
ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳುವ ಸಾಲಿದೆಯಲ್ಲ,
ಓದುವಾಗ ನಮ್ಮ ಕೈಯೂ ತಾನಾಗಿ ಸರಿಯುವ ಸಾಲು,
ಅದರ ಸುತ್ತ ಹನ್ನೆರಡು ಜನ ಕುಣಿದರು.

ಪದ್ಯ ಹಿಡಿಸಿದರೆ ಸತ್ತ ಪಾತ್ರವನ್ನೂ ಎಬ್ಬಿಸಿ
ಒನ್ಸ್‌ಮೋರ್ ಹಾಡಿಸಿದ ಊರು ಇದು.
ಅವತ್ತು ಯಾರೂ ಕೂಗಲಿಲ್ಲ.
ಬೈಯಲೂ ಇಲ್ಲ. ಬೈಗುಳವಾದರೂ ಒಂದು ಮರ್ಯಾದೆ.
ಕತ್ತಲಲ್ಲಿ ಮೊಬೈಲುಗಳು ಒಂದೊಂದೇ ಕಣ್ಣು ಬಿಟ್ಟವು.

ಆಮೇಲೆ ಕೊನೆಯ ದೃಶ್ಯ.
ಹಗರಿಹೊಳೆ ಎಂದು ಹಾಸಿದ ನೀಲಿ ಬಟ್ಟೆ.
ಸುಂಕಮ್ಮ ಕೊಡ ಕೆಳಗಿಟ್ಟಳು, ಸೆರಗು ಬಿಗಿದಳು,
ದಾಟಿ ಹೋಗಿಯೇಬಿಟ್ಟಳು, ಹಾಡುತ್ತಾ.

ಆಗ ಎದ್ದಿತು ಸಭೆ.
‘ಇದೆಲ್ಲೈತಿ ಪುಸ್ತಕದಾಗ?’ ಮೇಷ್ಟ್ರ ದನಿ ನಡುಗುತ್ತಿತ್ತು.
‘ಆಕಿ ದಾಟಂಗಿಲ್ಲ. ದಂಡಿ ಮ್ಯಾಲೆ ನಿಂತಿರ್ತಾಳ. ಅಷ್ಟ.’
ನಿರ್ದೇಶಕಿ, ಇನ್ನೂ ಸಣ್ಣ ಹುಡುಗಿ, ರಂಗದ ತುದಿಗೆ ಬಂದು
‘ಸಾರ್, ಕೊನೇ ಪುಟದಲ್ಲಿದೆ’ ಅಂದಳು.
ನಕ್ಕರು. ನಮಗೇ ಕೊನೇ ಪುಟ ಹೇಳಿಕೊಡಲು ಬಂದಳು ನೋಡು.

ನಾನು ನಗಲಿಲ್ಲ.
ಗ್ರಂಥಾಲಯದ ಬೈಂಡರು ನಾನು. ಊರಿಗೆಲ್ಲ ಒಂದೇ ಪ್ರತಿ,
ಒಂಬತ್ತು ಸಲ ಹೊಲಿದಿದ್ದೇನೆ.
ಮೊದಲ ಸಲ, ಕೆಲಸಕ್ಕೆ ಸೇರಿದ ತಿಂಗಳು,
ಮೈದಾ ಅಂಟು ನೀರಾಗಿತ್ತು, ಏಪ್ರಿಲ್ಲು, ಕರೆಂಟಿಲ್ಲ.
ಕೊನೆಯ ಹಾಳೆ ಅಂಗೈಗೆ ಮೆತ್ತಿಕೊಂಡು
ಹಾಲಿನ ಕೆನೆಯ ಹಾಗೆ ಎದ್ದು ಬಂತು.
ಹೆದರಿ, ಖಾಲಿ ಹಾಳೆಯೊಂದನ್ನು ಸೇರಿಸಿ ರಟ್ಟು ಬಿಗಿದೆ.
ಯಾರೂ ಕೇಳಲಿಲ್ಲ.
ಮೂವತ್ತೊಂದು ವರ್ಷ ಬಳ್ಳಾರಿಗೆ ಬಳ್ಳಾರಿಯೇ
ಕೊಡ ಸೊಂಟಕ್ಕಿಟ್ಟುಕೊಂಡು ದಂಡೆಯಲ್ಲಿ ನಿಂತಿದೆ.
ಆ ಖಾಲಿ ಹಾಳೆಯ ಮೌನದ ಬಗ್ಗೆ
ಮೇಷ್ಟ್ರು ಎರಡು ಸಲ ಭಾಷಣ ಮಾಡಿದ್ದಾರೆ.

ಹೊರಗೆ ಮಂಡಕ್ಕಿ ಮಿರ್ಚಿ ಬಂಡಿಯ ಸುತ್ತ ಒಂದೇ ಮಾತು:
ದುಡ್ಡು ದಂಡ, ಕತಿ ಕೆಡಿಸಿದ್ರು.
ಮಾಬುನ್ನಿಯ ಮಗಳು ಕೂಸಿನ ಹೆಗಲು ಬದಲಿಸಿ
‘ದಾಟಿದ್ಲಲ್ಲ’ ಅಂದಳು, ಯಾರಿಗೆಂದಲ್ಲ.
ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ತೋಳು ಹಿಡಿದು,
‘ನೀ ಹೇಳಪಾ ಹೊನ್ನೂರಪ್ಪ, ನಿನ್ನ ಕೈಯಾಗ ಬೆಳೆದ ಪುಸ್ತಕ!’
ಮಿರ್ಚಿ ಖಾರವಿತ್ತು. ಕಣ್ಣೊರೆಸಿಕೊಂಡೆ.
‘ಹಾಡು ಜಾಸ್ತಿ ಆದವು ಸಾರ್’ ಅಂದೆ.

ಅದೂ ಸುಳ್ಳಲ್ಲ.
ಅಂಗೈ ಮೇಲೆ ಉಲ್ಟಾ ಅಚ್ಚಾಗಿದ್ದ ಆ ಅಕ್ಷರಗಳನ್ನು
ತೊಳೆಯುವ ಮೊದಲು, ಕನ್ನಡಿ ಹಿಡಿದು ಓದಿದ್ದೆ.
ಅವಳು ದಾಟುತ್ತಾಳೆ, ನಿಜ.
ಹಾಡುವುದಿಲ್ಲ.
ನಡುಹೊಳೆಯಲ್ಲಿ ನಿಂತು, ತಿರುಗಿ, ಏನೋ ಕೇಳುತ್ತಾಳೆ.
ಆ ಸಾಲು ಹೆಬ್ಬೆರಳಿನ ಬುಡದಲ್ಲಿ
ಬೆವರಿಗೆ ಕಲಸಿಹೋಗಿತ್ತು.